ಪಕ್ಷಕ್ಕಿಂತ ನಾಡು ದೊಡ್ಡದು



ಮರದ ಗುಡಿಸಲಿನಲ್ಲಿ ಹುಟ್ಟಿ ವಕೀಲಿ ಮಾಡಿದ ಲಿಂಕನ್ನನು ಅಮೆರಿಕದ ಅಧ್ಯಕ್ಷನಾದ ಕಥೆಯನ್ನು ಉಪಾಧ್ಯಾಯರು ಮಕ್ಕಳಿಗೆ ಹೇಳುವುದುಂಟು. ನಮ್ಮ ಕೋಲಾರ ಸೀಮೆಯ ಕ್ಯಾಸಂಬಳ್ಳಿಯಲ್ಲಿ 1902ರಲ್ಲಿ ಜನಿಸಿದ ಕೆ. ಚೆಂಗಲರಾಯ ರೆಡ್ಡಿಯವರ ಚರಿತ್ರೆಯನ್ನೂ ಹೇಳಬೇಡವೇ? ನ್ಯಾಯಶಾಸ್ತ್ರವನ್ನು ಓದಿದ ಅವರು ರೈತರ ಕಷ್ಟವನ್ನು ಕಂಡು 1930ರಲ್ಲಿ ಸಂಗಡಿಗರೊಡನೆ ಪ್ರಜಾಪಕ್ಷವನ್ನು ಕಟ್ಟಿದರು. ಅದು ಮುಂದೆ ಪ್ರಜಾಮಿತ್ರ ಮಂಡಲಿಯೊಡನೆ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು. ಅದರ ಅಧ್ಯಕ್ಷತೆಯೂ ಅವರದೇ. ಆದರೂ 1937ರಲ್ಲಿ ಆ ಪಕ್ಷವು ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ಪಕ್ಷವನ್ನು ಕಟ್ಟುವುದು ಸುಲಭ. ಕಟ್ಟಿದುದನ್ನು ನಾಡಿಗಾಗಿ ಬಿಟ್ಟುಕೊಡುವುದು ಕಠಿನ. 1947ರ ‘ಮೈಸೂರು ಚಲೋ’ ಸತ್ಯಾಗ್ರಹದಿಂದ ಜವಾಬ್ದಾರಿ ಸರ್ಕಾರವು ಲಭಿಸಿದಾಗ ಅವರೇ ಮೈಸೂರಿನ ಪ್ರಥಮ ಮುಖ್ಯಮಂತ್ರಿಗಳಾದರು. 1956ರಲ್ಲಿ ಕನ್ನಡನಾಡು ಒಂದಾಯಿತು. ಅದು ಒಂದಾಗಿ ಬಾಳುವುದಕ್ಕೂ ಬೇಕಾದುದು ಈ ತ್ಯಾಗಬುದ್ಧಿಯೇ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ತರುಣರು ಇದನ್ನು ಮರೆಯದಿರಲಿ.