ಟೇಪಿನಲ್ಲಿ ಉಳಿದವರು



ಮಾನವನು ಚಂದ್ರನ ಮೇಲೆ ಮೊದಲು ಕಾಲಿಟ್ಟದ್ದು 1969ರ ಜುಲೈಯಲ್ಲಿ. ಅಲ್ಲಿಂದ ಬಂದ ಸಂಕೇತಗಳನ್ನು ಹಿಡಿದಿಟ್ಟ ಮೂಲ ಟೇಪುಗಳು ಈಗ ಇಲ್ಲ. ಅವನ್ನು ಅಳಿಸಿ ಮತ್ತೆ ಬಳಸಿರಬೇಕೆಂದು ನಾಸಾ ಸಂಸ್ಥೆ 2009ರಲ್ಲಿ ತಿಳಿಸಿತು. ನಾವು ನೋಡುತ್ತಿರುವುದು ಅಂದಿನ ಪ್ರಸಾರದ ಪ್ರತಿಗಳನ್ನು.

ಚಂದ್ರಯಾನದ ಗತಿಯೇ ಹೀಗಾದರೆ ಉಳಿದವುಗಳ ಪಾಡೇನು? ಟೆಲಿವಿಷನ್ನಿನ ಆರಂಭಕಾಲದಲ್ಲಿ ಟೇಪು ಬಲು ದುಬಾರಿ. ಒಂದರ ಮೇಲೆ ಇನ್ನೊಂದನ್ನು ದಾಖಲಿಸುವುದು ಅಂದು ಮಿತವ್ಯಯವೆನಿಸಿತ್ತು. ನೇರ ಪ್ರಸಾರವಾದ ಎಷ್ಟೋ ಕಾರ್ಯಕ್ರಮಗಳು ದಾಖಲಾಗಲೇ ಇಲ್ಲ.

ನಮ್ಮ ಕರಾವಳಿಯಲ್ಲಿ ಈ ಬೆಲೆಯನ್ನು ಬೇಗ ಅರಿತವರು ಪ್ರೊ. ಕು.ಶಿ. ಹರಿದಾಸ ಭಟ್ಟರು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಅವರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಜನಪದ ಕಲೆಗಳನ್ನು ಧ್ವನಿ ಮತ್ತು ವೀಡಿಯೊಗಳಲ್ಲಿ ದಾಖಲಿಸತೊಡಗಿತು. 1990ರ ಡಿಸೆಂಬರಿನಲ್ಲಿ ಮಾಚಾರು ಗೋಪಾಲ ನಾಯ್ಕರು ಸಿರಿ ಮಹಾಕಾವ್ಯವನ್ನು ಹಾಡಿದರು. ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ತಂಡ ಅದನ್ನು ದಾಖಲಿಸಿತು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಅಚ್ಚಾಯಿತು. ಆದರೆ ಹಾಡಿದವರ ಸ್ವರ, ಉಸಿರು, ಕೈಸನ್ನೆಗಳು ಪುಸ್ತಕಕ್ಕೆ ಇಳಿಯಲಾರವು. ಅವು ಇರುವುದು ಟೇಪಿನಲ್ಲೇ.

ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಕೂರಿಸಿದ ಕಾಂತೀಯ ಕಣಗಳು. ಮೊದಲು ಸೋಲುವುದು ಸಾಮಾನ್ಯವಾಗಿ ಕಾಂತತ್ವವಲ್ಲ, ಅಂಟು. ಅದು ಗಾಳಿಯ ತೇವವನ್ನು ಹೀರಿ, ಜಲವಿಭಜನೆಗೊಂಡು ಜಿಗುಟಾಗುತ್ತದೆ. ನಮ್ಮ ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ. ಇನ್ನೊಂದು ಸಂಕಟವೂ ಉಂಟು: ವಿ.ಸಿ.ಆರ್. ಯಂತ್ರಗಳ ತಯಾರಿಕೆಯೇ 2016ರಲ್ಲಿ ನಿಂತುಹೋಯಿತು. ಟೇಪು ಚೆನ್ನಾಗಿದ್ದರೂ ಓದುವ ಯಂತ್ರ ಬೇಕಲ್ಲವೇ?

ಕಾಪುವಿನ ಮಾರಿಪೂಜೆ, ಕಾರ್ಕಳದ ಮಹಾಮಸ್ತಕಾಭಿಷೇಕ, ಊರಿನ ಯಕ್ಷಗಾನ ಬಯಲಾಟ ಇವುಗಳ ಹಳೆಯ ಕ್ಯಾಸೆಟ್ಟು ನಿಮ್ಮ ಮನೆಯ ಅಟ್ಟದಲ್ಲೂ ಇದ್ದೀತು. ಬೂಷ್ಟು ಹಿಡಿದಿದ್ದರೆ ಅದನ್ನು ಯಂತ್ರಕ್ಕೆ ಹಾಕಬೇಡಿ. ರೀಲು ಹರಿಯಬಹುದು, ಯಂತ್ರವೂ ಕೆಡಬಹುದು. ತಂಪಾದ, ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಬಲ್ಲವರಿಂದ ಡಿಜಿಟಲ್ ಪ್ರತಿ ಮಾಡಿಸಿ, ಆ ಪ್ರತಿಯನ್ನು ಎರಡು ಮೂರು ಕಡೆ ಇರಿಸಿ. ಹಾರ್ಡ್ ಡಿಸ್ಕೂ ಶಾಶ್ವತವಲ್ಲ. ಮಣಿಪಾಲದಲ್ಲಿ ಸಂವಹನ ಕಲಿಯುವವರಿಗೆ ಇದು ಒಳ್ಳೆಯ ಅಭ್ಯಾಸವಾದೀತು.

ಯಂತ್ರವಿಲ್ಲದೆಯೂ ಮಾಡಬಹುದಾದ ಕೆಲಸವೊಂದಿದೆ. ಚಂಡೆ ಬಾರಿಸಿದವರು ಯಾರು, ವೇಷ ಯಾರದು, ಯಾವ ಊರು, ಯಾವ ವರ್ಷ ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಿ. ಟೇಪನ್ನು ನಾಳೆ ದುರಸ್ತಿ ಮಾಡಿಸಬಹುದು; ಗುರುತು ಹೇಳುವ ಹಿರಿಯರು ನಾಳೆಗೂ ಇರುತ್ತಾರೆಂಬ ಭರವಸೆಯಿಲ್ಲ. ಆ ಕೆಲಸವನ್ನು ಈ ವಾರವೇ ಆರಂಭಿಸಿ.