ಬಣ್ಣದ ಮಾತು

ಸುರಪುರ ಸೀಮೆಯ ಕಕ್ಕೇರಾ ಕಡೆ ಕರೆಪ್ಪ, ಕರೆಮ್ಮ ಎಂಬ ಹೆಸರುಗಳನ್ನು ನೀವು ಕೇಳಿರಬಹುದು. ಹಾಗೆ ಹೆಸರಿಟ್ಟ ತಾಯಿ ತನ್ನ ಕೂಸನ್ನು ಹಳಿಯಲಿಲ್ಲ. ಎರೆಹೊಲ ಕಪ್ಪಾದಷ್ಟೂ ಒಕ್ಕಲಿಗನಿಗೆ ಹಿಗ್ಗು. ಕೃಷ್ಣೆಯ ಹೆಸರಿನಲ್ಲಿರುವುದೂ ಅದೇ ಬಣ್ಣವಲ್ಲವೆ? ಅದು ರಾಜಕಾರಣಿಯ ಬಾಯಲ್ಲಿ ಹಳಿಮಾತಾಗುವುದು ಹೇಗೆ?

2024ರ ನವೆಂಬರಿನಲ್ಲಿ ಚನ್ನಪಟ್ಟಣ ಉಪಚುನಾವಣೆಯ ಪ್ರಚಾರಕಾಲದಲ್ಲಿ ರಾಜ್ಯದ ಸಚಿವ ಜಮೀರ್ ಅಹ್ಮದ್ ಖಾನರು ಕೇಂದ್ರ ಸಚಿವ ಕುಮಾರಸ್ವಾಮಿಯವರನ್ನು ‘ಕಾಲಿಯಾ’ ಎಂದರು. ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಟೀಕೆ ಬಂದಮೇಲೆ, ಅದು ಹಳೆಯ ಸ್ನೇಹದ ಕರೆ, ನೋವಾಗಿದ್ದರೆ ಕ್ಷಮೆಯಿರಲಿ ಎಂದರು. ಇದ್ದೀತು, ಗೆಳೆಯರ ನಡುವೆ ಸಲುಗೆ ಉಂಟು. ಆದರೆ ಓಟು ಕೇಳುವಾಗ ಎದುರಾಳಿಯನ್ನು ಬಣ್ಣದಿಂದ ಕರೆದರೆ ಅದು ಸಲುಗೆಯಾಗಿ ಉಳಿಯುವುದಿಲ್ಲ. ಕೇಳಿದ ಕಪ್ಪು ಹುಡುಗ ಸಚಿವರ ಗೆಳೆಯನಲ್ಲವಷ್ಟೆ.

ಕೇಂದ್ರ ಸಚಿವ ಕಿರಣ್ ರಿಜಿಜು ಅವರು ಎಕ್ಸ್ ಜಾಲತಾಣದಲ್ಲಿ ಇದನ್ನು ಜನಾಂಗ ನಿಂದನೆ ಎಂದು ಖಂಡಿಸಿದರು, ಸರಿಯಾಗಿಯೇ ಖಂಡಿಸಿದರು. ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ದಕ್ಷಿಣದವರು ಆಫ್ರಿಕದವರಂತೆ ಕಾಣುತ್ತಾರೆಂದು ಹೇಳಿ, 2024ರ ಮೇ 8ರಂದು ಪಕ್ಷದ ಹುದ್ದೆ ಬಿಟ್ಟಿದ್ದನ್ನು ನೀವು ಮರೆತಿರಲಾರಿರಿ. ರಿಜಿಜು ಅವರು ಆ ಮಾತನ್ನೂ ಜತೆಗೆ ಎತ್ತಿ ಆಡಿದರು.

ಆದರೆ 2017ರ ಏಪ್ರಿಲಿನ ಮಾತೊಂದಿದೆ. ಆಫ್ರಿಕದ ವಿದ್ಯಾರ್ಥಿಗಳ ಮೇಲಿನ ಹಲ್ಲೆಯ ಚರ್ಚೆಯಲ್ಲಿ ಬಿಜೆಪಿಯ ತರುಣ್ ವಿಜಯ್, ನಾವು ವರ್ಣಭೇದಿಗಳಾಗಿದ್ದರೆ ದಕ್ಷಿಣದವರೊಡನೆ ಹೇಗೆ ಬಾಳುತ್ತಿದ್ದೆವು ಎಂಬರ್ಥದಲ್ಲಿ ಆಡಿ, ಬಳಿಕ ಟ್ವಿಟರಿನಲ್ಲಿ ಕ್ಷಮೆ ಕೇಳಿದರು. ಆ ‘ನಾವು’ ಎಂಬುದರಲ್ಲಿ ಕಕ್ಕೇರಾದ ಕರೆಮ್ಮನಿಗೆ ಎಡೆಯಿರಲಿಲ್ಲ. ರಿಜಿಜು ಅವರ ಖಂಡನೆಯಲ್ಲಿ ಅದರ ಸುದ್ದಿಯೂ ಇಲ್ಲ.