ಟ್ರೇಲರಿನ ಜಾಕ್ ಅಲ್ಲಾಡಿದರೆ

ಎತ್ತಿನ ಗಾಡಿಯ ಮೂಕಿಗೆ ಕೋಲು ಊರಿ ನಿಲ್ಲಿಸುವುದು ನಿಮಗೆ ಗೊತ್ತೇ ಇದೆ. ಎರಡು ಚಕ್ರದ ಟ್ರೇಲರಿಗೆ ಆ ಕೆಲಸ ಮಾಡುವುದು ಮೂತಿಯ ಕೆಳಗಿನ ಜಾಕ್. ಅದು ಅಲ್ಲಾಡುತ್ತಿದ್ದರೆ ಸುಮ್ಮನಿರಬೇಡಿ. ಅರಿಶಿನ ತುಂಬಿದ ಟ್ರೇಲರ್ ಮುಗ್ಗರಿಸಿದರೆ ಕೆಳಗಿದ್ದವರ ಕಾಲೇ ಹೋದೀತು.

ಮೊದಲು ಹೊರೆ ಇಳಿಸಿ. ಸಮನೆಲದಲ್ಲಿ ಟ್ರ್ಯಾಕ್ಟರಿಗೆ ಕೊಂಡಿ ಹಾಕಿಯೇ ಇರಲಿ; ಎಂಜಿನ್ ಆರಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ. ಆಮೇಲೆ ಜಾಕನ್ನು ನೆಲದಿಂದ ಮೇಲೆತ್ತಿ, ಕೈಯಲ್ಲಿ ಅಲ್ಲಾಡಿಸಿ ನೋಡಿ. ಬೋಲ್ಟು ಸಡಿಲವಾಗಿದ್ದರೆ ಬಿಗಿ ಮಾಡಿ. ಪಿನ್ನಿನ ತೂತು ಸವೆದು ಅಗಲವಾಗಿದ್ದರೆ ಹೊಸ ಪಿನ್ ಒಂದೇ ಸಾಲದು, ತೂತಿಗೂ ಬುಷ್ ಹಾಕಿಸಿ. ಒಳಗಿನ ಕೊಳವೆ ಬಾಗಿದ್ದರೆ ಜಾಕನ್ನೇ ಬದಲಿಸಿ.

ನೆಂದ ಎರೆಮಣ್ಣಿನಲ್ಲಿ ಜಾಕಿನ ಪಾದದಡಿ ದಪ್ಪ ಹಲಗೆ ಇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.